ಟವೆಲ್ಲಿನಡಿಯ ಕೈ

ಏಲಕ್ಕಿಯ ಘಮ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ತಲೆ ತಗ್ಗಿಸಬೇಕೆನಿಸುತ್ತದೆ.

ಅದು ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದ ವರ್ಷ. ಸಕಲೇಶಪುರದ ಏಲಕ್ಕಿ ಸಾಬರು ಎಂದಿನಂತೆ ನಮ್ಮ ತೋಟದ ಕಾಯಿ ಕೊಳ್ಳಲು ಹಾನುಬಾಳಿನ ನಮ್ಮ ಮನೆಗೆ ಬಂದರು. ಕಾಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಟವೆಲ್ ಹರವಿ ಅದರಡಿ ಕೈ ಚಾಚಿದರು. ಅಪ್ಪ ಮತ್ತು ಅವರು ಯಾವಾಗಲೂ ಹಾಗೆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ದರ ಕುದುರಿಸುತ್ತಿದ್ದರು.

ಜಗಲಿಯ ತುಂಬ ರೇಡಿಯೋ ಕೇಳಲು ಬಂದ ಊರವರಿದ್ದರು. “ಇಂಥಾ ಹೊತ್ನಲ್ಲಿ ಸಾಬ್ರ ಜೊತೆ ಬಟ್ಟೆ ಅಡಿ ಏನ್ ಗುಟ್ಟು ಗೌಡ್ರೇ?” ಎಂದು ಒಬ್ಬ ನಕ್ಕ.

ಅಪ್ಪ ಕೈ ಹಿಂದಕ್ಕೆಳೆದುಕೊಂಡರು. “ಬಾಯಲ್ಲೇ ಹೇಳಿ ಸಾಬ್ರೇ.”

“ನಿಮ್ಮಪ್ಪಾರೂ ನಮ್ಮಪ್ಪಾರೂ ಬಾಯಲ್ಲಿ ವ್ಯಾಪಾರ ಮಾಡ್ಲಿಲ್ಲ ಗೌಡ್ರೇ.” ಸಾಬರು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು, ಅವ್ವ ತಂದ ಕಾಫಿಯನ್ನೂ ಮುಟ್ಟದೆ ಹೊರಟುಹೋದರು.

ವಾರ್ತೆ ಮುಗಿದು ಜನ ಚದುರಿದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದರು. “ಓಡು ಮಗಾ, ಸಾಬ್ರು ಬಸ್ಸಿಗೆ ಕಾಯ್ತಿರ್ತಾರೆ. ಕರ್ಕಂಡ್ ಬಾ.”

ಲಂಗ ಎತ್ತಿಕೊಂಡು ಓಡಿದೆ. ಸಾಬರು ರಸ್ತೆಯ ತಿರುವಿನಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಕರೆಯುತ್ತಿದ್ದಾರೆ ಎಂದೆ.

“ಜನ ಎಲ್ಲಾ ಹೋದ್ರಾ ಮಗಾ?”

“ಹೂಂ.”

ಅವರು ನನ್ನ ತಲೆ ಸವರಿದರು. “ಜನ ಇರೋವಾಗ ಕರೀಲಿ, ಬತ್ತೀನಿ ಅಂತ ನಿಮ್ಮಪ್ಪಂಗೆ ಹೇಳವ್ವಾ.”