ಸೊಂಟ ದಾಟದ ಬೇಲಿ

"ಮಾಮಿ, ಮತ್ತೆ ಶುರು ಮಾಡಿದ್ರಾ?" ಅಡುಗೆಮನೆಯ ಬಾಗಿಲಿನಿಂದಲೇ ತೇನ್ಮೊಳಿ ಕೂಗಿದಳು. ಅತ್ತೆ ಮಾದಮ್ಮನ ಕೈ ಮಾತ್ರ ಬೇಲಿಯ ಮೇಲೆ ಆಡುತ್ತಲೇ ಇತ್ತು.

ಪಕ್ಕದ ಮನೆಯ ಅಮ್ಮಣಿಯ ಕಣ್ಣು ಅಂಗಳಕ್ಕೆ ಬೀಳಬಾರದೆಂದೇ ಹಾಕಿದ ಬೇಲಿ ಅದು. ತೋಟದಲ್ಲಿ ಮಿಕ್ಕಿದ್ದ ಟೀ ಸಸಿಗಳನ್ನೇ ತೇನ್ಮೊಳಿ ಸಾಲಾಗಿ ನೆಟ್ಟಿದ್ದಳು. ಬಿಟ್ಟರೆ ಆಳೆತ್ತರ ಬೆಳೆಯುವ ಗಿಡ, ಇಷ್ಟು ವರ್ಷವಾದರೂ ಸೊಂಟ ದಾಟಿಲ್ಲ. ಚಿಗುರು ಕಂಡರೆ ಮಾದಮ್ಮನ ಬೆರಳು ಸುಮ್ಮನಿರುವುದಿಲ್ಲ. ಮಕ್ಕಳಿಗೆಂದು ಕಟ್ಟಿದ ಉಯ್ಯಾಲೆಯಲ್ಲಿ ಈಗ ಎಲೆಚೀಲ ಕೂತಿದೆ. ನೆಂಟರಿಗೆಂದು ಹಾಕಿಸಿದ ಕಲ್ಲುಬೆಂಚಿನ ತುಂಬ ಕೊಯ್ದ ಎಲೆ ಹರಡಿದೆ. ಸಂಜೆ ತೇನ್ಮೊಳಿಯ ಮಗಳ ಹುಟ್ಟುಹಬ್ಬ. ಎಷ್ಟು ಜನ ಬರುತ್ತಾರೆಂದು ಅಮ್ಮಣಿ ಆಚೆಯಿಂದ ಬೇಲಿಗೆ ಮೊಣಕೈ ಊರಿ ವಿಚಾರಿಸುತ್ತಿದ್ದಾಳೆ.

ತೇನ್ಮೊಳಿ ದಡದಡನೆ ಬಂದು ಬೇಲಿಯ ಪಕ್ಕ ನಿಂತಳು. "ಇದು ತೋಟ ಅಲ್ಲ ಮಾಮಿ, ಬೇಲಿ. ಅದರ ಪಾಡಿಗೆ ಬೆಳೆಯೋಕೆ ಬಿಡಿ."

"ಬಿಟ್ರೆ ಎಲೆ ಬಲಿತು ಮುತ್ತಿ ಹೋಗುತ್ತಲ್ಲ ಹೆಣ್ಣೇ," ಎಂದಳು ಮಾದಮ್ಮ.

"ಮುತ್ತಲಿ, ಮರವಾಗಲಿ. ನಮ್ಮನೇಲಿ ಏನು ಬೇಯುತ್ತೆ ಅನ್ನೋದು ಇಡೀ ಕೆತ್ತಿ ಊರಿಗೆ ಯಾಕೆ ಕಾಣಬೇಕು? ಒಂದು ಗಿಡಾನೂ ನೆಟ್ಟಗೆ ಬೆಳೆಯೋಕೆ ಬಿಡಲ್ಲವಲ್ಲ ನೀವು."

ಅತ್ತೆಯೂ ಅಮ್ಮಣಿಯೂ ಅವಳ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದರು. ತೇನ್ಮೊಳಿಯೂ ನೋಡಿಕೊಂಡಳು. ತವರಿನ ಟೀ ತೋಟದಲ್ಲಿ ಪಳಗಿದ ಬೆರಳುಗಳು, ಅವಳು ಬಯ್ಯುತ್ತಿದ್ದಷ್ಟು ಹೊತ್ತೂ ಎರಡೆಲೆ ಒಂದು ಕುಡಿಯಂತೆ ಚಿವುಟಿ ಚಿವುಟಿ ಮುಷ್ಟಿ ತುಂಬಿಸಿಕೊಂಡಿದ್ದವು.

ಮಾದಮ್ಮ ಉಯ್ಯಾಲೆಯಿಂದ ಚೀಲ ತಂದು, ಬಾಯಿ ಅಗಲಿಸಿ ಸೊಸೆಯ ಮುಂದೆ ಹಿಡಿದಳು.