ಕ್ಯಾಮೆರಾಕ್ಕೆ ಕಾಣದ ಹಾಗೆ

ಬಿಸಿನೀರಿನ ಲೋಟ ಹಿಡಿದು ಅವಳು ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ನಿಂತರೆ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಕಾಣುತ್ತಾಳೆ, ಕಾಣಕೂಡದು ಅಂತ ಗಂಡ ಮೊದಲೇ ಹೇಳಿದ್ದ. ಕಾಲೇಜು ಮೇಷ್ಟ್ರಾದ ಅವನು ಆನ್‌ಲೈನ್ ಸಭೆಯಲ್ಲಿ ಹೆಣ್ಣು ಗಂಡು ಸಮಾನ ಎಂದು ಮಾತಾಡುತ್ತಿದ್ದ. ಸಮಾನತೆಗೂ ಗಂಟಲು ಒಣಗುತ್ತದೆ. "ಬದಲಾವಣೆ ನಮ್ಮ ನಮ್ಮ ಮನೆಯಿಂದಲೇ ಶುರುವಾಗಬೇಕು," ಎನ್ನುತ್ತಾ, ಪರದೆಯಿಂದ ಕಣ್ಣು ಕದಲಿಸದೆ, ಎಡಗೈಯನ್ನು ಮೇಜಿನ ಕೆಳಗೆ ಚಾಚಿದ. ಅವಳು ಲೋಟ ಕೊಟ್ಟಳು. ಎರಡು ಗುಟುಕು ಕುಡಿದು ಹಾಗೇ ಕೆಳಗೆ ವಾಪಸು ಕೊಟ್ಟ.

ಭಾಷಣ ಮುಗಿದು ಚಪ್ಪಾಳೆ ಬಿತ್ತು. ಲ್ಯಾಪ್‌ಟಾಪಿನಿಂದ ವಿದ್ಯಾರ್ಥಿನಿಯೊಬ್ಬಳ ದನಿ ಕೇಳಿಸಿತು. "ಸರ್, ತುಂಬಾ ಚೆನ್ನಾಗ್ ಹೇಳಿದ್ರಿ. ಮೇಡಂ ಇದ್ರೆ ಒಂದ್ ನಿಮಿಷ ಕರೀತೀರಾ? ಅವ್ರ ಮಾತೂ ಕೇಳೋ ಆಸೆ."

ಮಂಡಿ ಜೋಮು ಹಿಡಿದಿದ್ದರೂ ಅವಳ ಕೈ ತಾನಾಗಿಯೇ ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಿತು. ಗಂಡ ಕೆಳಗೆ ನೋಡಿದ. ಮಾಸಿದ ನೈಟಿ, ಅದರ ಮೇಲೆ ಎಣ್ಣೆಯ ಕಲೆ.

"ಅಯ್ಯೋ, ಅವಳು ಮನೇಲಿಲ್ಲಮ್ಮ," ಎಂದು ನಕ್ಕ. "ಎಲ್ಲೋ ಹೊರಗೆ ಹೋಗಿದಾಳೆ. ಹೋಗೋಕೆ ಬರೋಕೆ ನಮ್ಮನೇಲಿ ಅವಳು ಯಾರನ್ನೂ ಕೇಳ್ಬೇಕಾಗಿಲ್ಲ."

ಅವಳು ಲೋಟವನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು. ಬಂದ ಹಾಗೆಯೇ ಬಗ್ಗಿಕೊಂಡು ಕೋಣೆ ದಾಟಿದಳು. ಹೊಸಿಲ ಆಚೆ ಬೆನ್ನು ನೆಟ್ಟಗೆ ಮಾಡಿ, ಅಡುಗೆಮನೆಗೆ ಹೋಗಿ ಒಲೆ ಆರಿಸಿದಳು. ಗಂಡ ಅಷ್ಟು ಜನರ ಮುಂದೆ ಆಡಿದ ಮಾತು, ಸುಳ್ಳಾಗುವುದು ಬೇಡ ಅನ್ನಿಸಿತು. ಅದೇ ನೈಟಿಯಲ್ಲಿ ಚಪ್ಪಲಿ ಮೆಟ್ಟಿ ಮುಂಬಾಗಿಲು ತೆರೆದಳು.

ಒಳಗೆ ಲ್ಯಾಪ್‌ಟಾಪು ಮುಚ್ಚಿದ ಸದ್ದಾಯಿತು. ಅದರ ಹಿಂದೆಯೇ ಅವನ ದನಿ:

"ಏಯ್, ಯಾರನ್ನ ಕೇಳಿ ಹೊರಟೆ?"