ಅರಿಶಿನ ಕುಂಕುಮದ ತಟ್ಟೆ

ತಟ್ಟೆಯಲ್ಲಿ ಅರಿಶಿನ, ಕುಂಕುಮ, ರೇಷ್ಮೆ ಸೀರೆ. ಸೀರೆಯ ಮೇಲೆ ತೋಟದ ಹಕ್ಕು ಬಿಟ್ಟುಕೊಡುವ ಪತ್ರ. ಭೀಮರಾಜ್ ಅದನ್ನು ಅಕ್ಕ ಮುನಿಲಕ್ಷ್ಮಿಯ ಮುಂದಿಟ್ಟು ಪೆನ್ನು ಕೊಟ್ಟ.

"ನೀನೀಗ ಆಸ್ಟ್ರೇಲಿಯಾ ಪ್ರಜೆ ಕಣಕ್ಕಾ. ಫಾರಿನ್‌ನೋರು ಇಲ್ಲಿ ಜಮೀನು ಇಟ್ಕೊಳ್ಳಂಗಿಲ್ಲ, ಕಾನೂನೈತೆ. ಸಹಿ ಹಾಕ್ಬಿಡು."

ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತಾಗಲೂ ಅವಳಿಗೆ ಹೀಗೆ ಚುಚ್ಚಿರಲಿಲ್ಲ. ಕಿಟಕಿಯಾಚೆ, ಅಪ್ಪನ ಜೊತೆ ತಾನೂ ಕಡ್ಡಿ ನೆಟ್ಟು ಬೆಳೆಸಿದ ಹಿಪ್ಪುನೇರಳೆ ತೋಟ.

"ಲೇ ಭೀಮಾ, ಕಾನೂನು ಬೇಡ ಅಂದಿರೋದು ಕೊಂಡ್ಕೊಳ್ಳೋದನ್ನ. ಇದು ಅಪ್ಪ ಬಿಟ್ಟೋಗಿದ್ದು."

"ಎಲ್ಲಾ ಒಂದೇ. ನಿಂಗೆ ಹಕ್ಕಿಲ್ಲ."

"ಹಕ್ಕಿಲ್ದೋಳ ಸಹಿ ನಿಂಗ್ಯಾಕೋ ಬೇಕು?"

ಅವಳು ಕುಂಕುಮ ಹಚ್ಚಿಕೊಂಡು ಸೀರೆ ಎತ್ತಿಕೊಂಡಳು. ಪತ್ರವನ್ನು ಮಡಚಿ ತಮ್ಮನ ಜೇಬಿಗೆ ತುರುಕಿದಳು.

"ಸೀರೆ ಚೆನ್ನಾಗೈತೆ. ನಾಳೆ ಸರ್ವೆಯರ್‌ನ ಕರೆಸು, ತೋಟದಲ್ಲಿ ನನ್ ಪಾಲು ಅಳೀಲಿ."